ನೀಲಿ ದೀಪದ ಪ್ರಾರ್ಥನೆ

ಮನೆಗೆ ಬೆಂಕಿ ಬಿದ್ದರೆ ಸರ್ಕಾರದ ಸಂಬಳ ಪಡೆಯುವವರು ಬಂದು ಆರಿಸತಕ್ಕದ್ದೆಂಬುದು ನಮ್ಮ ಪಟ್ಟಣವಾಸಿಗಳ ಭಾವನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ ಬೆಂಕಿಯಾರಿಸುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಸ್ವಯಂಸೇವಕರು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನನು ಫಿಲಡೆಲ್ಫಿಯದಲ್ಲಿ ಸ್ಥಾಪಿಸಿದ ಯೂನಿಯನ್ ಫೈರ್ ಕಂಪೆನಿಯು ಈ ಪದ್ಧತಿಯ ಹಿರಿಯ ಸಂಸ್ಥೆಗಳಲ್ಲೊಂದು. ಸಣ್ಣ ಊರುಗಳಲ್ಲಿ ಬಡಗಿ, ಉಪಾಧ್ಯಾಯ, ಅಂಗಡಿಯವ, ಗೃಹಿಣಿ, ಇವರೇ ದಳದವರು. ನಡುರಾತ್ರಿಯಲ್ಲಿ ಪೇಜರು ಕೂಗಿದೊಡನೆ ಹಾಸಿಗೆಯಿಂದೆದ್ದು ಸ್ವಂತ ಕಾರಿನಲ್ಲಿ ಠಾಣೆಗೆ ಧಾವಿಸುವರು. ಇವರು ಬಂದು ಸೇರುವ ತನಕ ದಳದ ಗಾಡಿ ಹೊರಡುವಂತಿಲ್ಲ. ಅತ್ತ ಮನೆ ಉರಿಯುತ್ತಲೇ ಇರುವುದು.

ಹೀಗಿರುವಾಗ ಆ ಸ್ವಂತ ಕಾರಿಗೂ ದೀಪ, ಸೈರನ್ನುಗಳು ಬೇಡವೆ ಎಂಬುದು ಅಲ್ಲಿಯ ಹಳೆಯ ಚರ್ಚೆ. ಒಂದೊಂದು ಸಂಸ್ಥಾನವು ಒಂದೊಂದು ಉತ್ತರವನ್ನು ಕೊಟ್ಟಿದೆ. ಫ್ಲಾರಿಡದ ಸ್ವಯಂಸೇವಕನಿಗೆ ಕೆಂಪು ದೀಪ, ನ್ಯೂಯಾರ್ಕಿನವನಿಗೆ ನೀಲಿ. ನ್ಯೂಯಾರ್ಕಿನಲ್ಲಿ ಆಂಬುಲೆನ್ಸಿನ ಸ್ವಯಂಸೇವಕರಿಗೆ ಹಸಿರು. ಇಲ್ಲಿ ನೆರೆಯವನ ಗುರುತಾದ ನೀಲಿಯೇ ಫ್ಲಾರಿಡದಲ್ಲಿ ಪೊಲೀಸರ ಬಣ್ಣವೆಂದರೆ ವಾಚಕರು ನಕ್ಕಾರು.

ನಮಗೆ ರುಚಿಸಿದುದು ನ್ಯೂಯಾರ್ಕಿನ ಕಾನೂನು. ನೀಲಿ ದೀಪವನ್ನು ಹೊತ್ತಿಸಿಕೊಂಡ ಮಾತ್ರಕ್ಕೆ ಅಲ್ಲಿ ಯಾವ ಅಧಿಕಾರವೂ ಬಾರದು. ವೇಗದ ಮಿತಿಯನ್ನು ಮೀರಕೂಡದು. ಚೌಕದ ಕೆಂಪು ದೀಪಕ್ಕೆ ನಿಲ್ಲಲೇಬೇಕು. ದಾರಿ ಬಿಡಿರೆಂದು ಕೇಳಿಕೊಳ್ಳಬಹುದು, ಅಷ್ಟೆ. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಈ ಭೇದವು ಹೊಸತಲ್ಲ. ಪಾಣಿನಿಯ ಮತದಲ್ಲಿ ಲೋಟ್ ಲಕಾರವು ವಿಧಿಯಲ್ಲಿಯೂ ಬರುವುದು, ಪ್ರಾರ್ಥನೆಯಲ್ಲಿಯೂ ಬರುವುದು. ರೂಪವೊಂದೇ, ಅರ್ಥ ಬೇರೆ. ದಳದ ದೊಡ್ಡ ಗಾಡಿಯ ದೀಪವು ವಿಧಿ. ಬಡಗಿಯ ಕಾರಿನ ದೀಪವು ಪ್ರಾರ್ಥನೆ. ಕಷ್ಟವೆಲ್ಲಿಯೆಂದರೆ, ದೀಪವು ತಲೆಯ ಮೇಲೆ ತಿರುಗತೊಡಗಿದೊಡನೆ ಪ್ರಾರ್ಥಿಸುವವನಿಗೆ ತಾನು ಆಜ್ಞಾಪಿಸುತ್ತಿರುವೆನೆಂದು ತೋರುವುದು. ದೀಪದ ಈ ಮದವನ್ನು ನಾವೂ ಬಲ್ಲೆವು. 2017ರ ಮೇ 1ರಿಂದ ಮಂತ್ರಿಗಳ ಕಾರುಗಳ ಮೇಲಿನ ಕೆಂಪು ದೀಪವನ್ನು ತೆಗೆಯಿಸಬೇಕಾಗಿ ಬಂದುದು ನಮ್ಮ ದೇಶದಲ್ಲಿಯೇ ಅಲ್ಲವೆ?

ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡೋಣ. ಉಪಾಧ್ಯಾಯರ ಅಭ್ಯಾಸ ಬಿಡದು. ಠಾಣೆಯು 5 ಕಿಲೋಮೀಟರು ದೂರವಿದೆಯೆನ್ನಿ. ಗಂಟೆಗೆ 50 ಕಿಲೋಮೀಟರಿನಂತೆ ಹೋದರೆ 6 ನಿಮಿಷ, 75ರಂತೆ ಹೋದರೆ 4 ನಿಮಿಷ. ಉಳಿದುದು ಎರಡು ನಿಮಿಷ. ಆದರೆ ಬ್ರೇಕು ಹಾಕಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರವು ವೇಗದ ವರ್ಗದಂತೆ ಬೆಳೆಯುವುದರಿಂದ ಎರಡೂಕಾಲು ಪಟ್ಟಾಗುವುದು. ಗಾಜು ಮುಚ್ಚಿ ಸಂಗೀತ ಹಾಕಿಕೊಂಡು ಬರುತ್ತಿರುವ ಎದುರಿನವನಿಗೆ ಸೈರನ್ನು ಕೇಳಿಸುವ ಹೊತ್ತಿಗೆ ಇವನು ಚೌಕದ ಮಧ್ಯದಲ್ಲಿರುವನು. ಆ ದೇಶದಲ್ಲಿ ಕರ್ತವ್ಯದಲ್ಲಿ ಮಡಿದ ಅಗ್ನಿಶಾಮಕರ ಮರಣಕಾರಣಗಳಲ್ಲಿ ಹೃದ್ರೋಗದ ತರುವಾಯ ವಾಹನಾಪಘಾತವು ಬಹುಕಾಲದಿಂದ ಮುಖ್ಯವಾಗಿದೆ. ಹಾಗೆ ಸತ್ತವರಲ್ಲಿ ಅನೇಕರು ಸ್ವಯಂಸೇವಕರು, ಸ್ವಂತ ಕಾರಿನಲ್ಲಿದ್ದವರು. ಸೊಂಟದ ಪಟ್ಟಿಯನ್ನು ಕಟ್ಟಿಕೊಳ್ಳದವರೂ ಕಡಮೆಯಲ್ಲ. ಬೆಂಕಿಯನ್ನು ಕಾಣುವ ಮೊದಲೇ ಇವರ ಸೇವೆ ಮುಗಿದುಹೋಯಿತು.

ಹಾಗೆಂದು ದೀಪವನ್ನೇ ಕಿತ್ತುಹಾಕಿರೆಂದು ನಾವು ಹೇಳಲಾರೆವು. ಕಿರಿದಾದ ಹಳ್ಳಿಯ ದಾರಿಯಲ್ಲಿ ಮುಂದಿನವನು ಒಂದಿಷ್ಟು ಸರಿದರೆ ಉಳಿಯುವ ನಿಮಿಷಗಳು ಯಾರಿಗೂ ಅಪಾಯವಿಲ್ಲದವು. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಆ ದೇಶದಲ್ಲಿರುವರು. ನ್ಯೂಯಾರ್ಕಿನ ಕಡೆ ಕಾರು ನಡೆಸುವಾಗ ಹಿಂದಿನ ಕನ್ನಡಿಯಲ್ಲಿ ನೀಲಿ ದೀಪವೊಂದೇ ಮಿನುಗಿದರೆ, ಅದು ನೆರೆಯವನದೆಂದು ತಿಳಿದು ಅವಕಾಶವಿದ್ದೆಡೆ ಬಲಕ್ಕೆ ಸರಿಯಲಿ. ಮುಂದೆ ಶಾಲೆಯ ಬಸ್ಸು ಕೆಂಪು ದೀಪ ಹಾಕಿ ಮಕ್ಕಳನ್ನು ಇಳಿಸುತ್ತಿದ್ದರೆ ಸರಿಯಬೇಕಾದುದಿಲ್ಲ. ಅಲ್ಲಿ ನೀಲಿ ದೀಪದವನೂ ಅವರ ಹಿಂದೆಯೇ ನಿಲ್ಲಬೇಕು.