ಗರಡಿಯ ಮಣ್ಣೂ ಸುಶಿಕ್ಷಿತರ ತಾತ್ಸಾರವೂ

ಕುಸ್ತಿಯು ನಿರಕ್ಷರಿಗಳ ಕಸಬು, ಮಟ್ಟಿಯ ಮಣ್ಣಿನಲ್ಲಿ ಹೊರಳಿದ ಹುಡುಗನ ಬುದ್ಧಿ ಮಂದವಾಗುವದು ಎಂಬ ಮಾತು ನಮ್ಮ ಸುಶಿಕ್ಷಿತರ ಬಾಯಲ್ಲಿ ಶಾಸ್ತ್ರವಾಕ್ಯದಂತೆ ನೆಲೆಗೊಂಡಿದೆ. ಹೀಗೆನ್ನುವವರಲ್ಲಿ ಉಪಾಧ್ಯಾಯರೇ ಮುಂದಾಳುಗಳಾಗಿರುವದು ವಿಷಾದದ ಸಂಗತಿ. ಮಹನೀಯರೇ, ತಾವು ಎಂದಾದರೂ ಗರಡಿಯ ಹೊಸ್ತಿಲನ್ನು ದಾಟಿದ್ದುಂಟೇ?

ದಾಟಿದವರು ಬಲ್ಲರು. ಮೈಸೂರು ಸೀಮೆಯ ಹಳೆಯ ಗರಡಿಮನೆಗಳ ಬಾಗಿಲು ಗಿಡ್ಡ. ಎಂಥ ಜಟ್ಟಿಯೇ ಆಗಲಿ, ತಲೆ ಬಾಗದೆ ಒಳಹೊಗಲಾರನು. ವಿನಯದ ಮೊದಲ ಪಾಠವು ಅಲ್ಲಿಯೇ ಆಯಿತು. ಒಳಗೆ ದಂಡ ಬಸ್ಕಿಗಳಿಂದ ಎದೆ ತೊಡೆಗಳು ಬಲಿಯುವವು. ಜೋಡಿಯೊಡನೆ ಸೆಣಸುವಾಗ ಕತ್ತು, ಸೊಂಟ, ಮುಂಗೈ, ಉಸಿರು ಇವೆಲ್ಲ ಏಕಕಾಲಕ್ಕೆ ದುಡಿಯುವವು. ಆದರೆ ದೇಹದಾರ್ಢ್ಯವನ್ನಷ್ಟೇ ಹೊಗಳುವದಕ್ಕೆ ನಾವು ಲೇಖನಿಯನ್ನು ಹಿಡಿದಿಲ್ಲ. ಎದುರಾಳಿಯ ಭಾರವು ಯಾವ ಕಾಲಿನ ಮೇಲೆ ಬಿದ್ದಿತು, ಅವನು ಹಾಕಲಿರುವ ಪಟ್ಟು ಯಾವದು, ಅದಕ್ಕೆ ಪ್ರತಿಪಟ್ಟು ಯಾವದು, ಇದನ್ನೆಲ್ಲ ದಣಿದು ಏದುತ್ತಿರುವಾಗಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಣಯಿಸಬೇಕು. ಮಂದಬುದ್ಧಿಯವನಿಗೆ ಇದು ಸಾಧ್ಯವೇ?

ಇನ್ನು ಸೋಲಿನ ವಿಷಯ. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ಪ್ರಶ್ನಪತ್ರಿಕೆಯನ್ನು ದೂರುವನು, ಪರೀಕ್ಷಕನನ್ನು ದೂರುವನು (ಅವನ ತಂದೆಯು ಶಾಲೆಯನ್ನೇ ದೂರುವನು!). ಬೆನ್ನು ಮಣ್ಣಿಗೆ ತಾಗಿ ಚಿತ್ತಾದವನು ಯಾರನ್ನು ದೂರಬೇಕು? ಮೈ ಕೊಡವಿಕೊಂಡು ಎದ್ದು, ಕೆಡವಿದವನ ಕೈ ಮುಟ್ಟಿ, ಮತ್ತೆ ತೊಡೆ ತಟ್ಟುವನು. ನಿತ್ಯವೂ ಹೀಗೆ ಬಿದ್ದೇಳುವ ಬಾಲಕನಿಗೆ ಸೋಲು ಮಾರಿಯಾಗಿ ತೋರುವದಿಲ್ಲ.

ಜಪಾನದಲ್ಲಿ ಇದನ್ನು ಕಂಡುಕೊಂಡವನು ಒಬ್ಬ ಉಪಾಧ್ಯಾಯನೇ! ಜಿಗೋರೋ ಕಾನೋ ಎಂಬವನು ಬಾಲ್ಯದಲ್ಲಿ ಕೃಶಕಾಯನು, ಸಹಪಾಠಿಗಳಿಂದ ಪೀಡಿತನಾದವನು; ಆ ಕಾರಣದಿಂದಲೇ ಜುಜುತ್ಸು ಎಂಬ ಮಲ್ಲವಿದ್ಯೆಯನ್ನು ಕಲಿತನು. ವಿಶ್ವವಿದ್ಯಾಲಯದ ಪದವೀಧರನಾದ ಆತನು 1882ರಲ್ಲಿ ಟೋಕಿಯೋದ ದೇವಾಲಯವೊಂದರಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ಕೋಡೋಕಾನ್ ಎಂಬ ಶಾಲೆಯನ್ನು ತೆರೆದು ಜುಡೋವನ್ನು ರೂಪಿಸಿದನು. ಜುಡೋ ಕಲಿಯುವವನಿಗೆ ಮೊದಲ ಪಾಠವು ಕೆಡಹುವದಲ್ಲ, ಪೆಟ್ಟಾಗದಂತೆ ಬೀಳುವದು. ಇದೇ ಕಾನೋ ಮುಂದೆ ಟೋಕಿಯೋದಲ್ಲಿ ಉಪಾಧ್ಯಾಯರನ್ನು ತಯಾರಿಸುವ ಉಚ್ಚ ವಿದ್ಯಾಲಯಕ್ಕೆ 20 ವರುಷಗಳಿಗೂ ಮಿಗಿಲಾಗಿ ಮುಖ್ಯಸ್ಥನಾಗಿದ್ದನು. ಆತನ ಬುದ್ಧಿ ಮಂದವಾಗಿತ್ತೇ?

ಗರಡಿಯವರೆಲ್ಲ ನಿರ್ದೋಷಿಗಳೆಂದು ನಾವು ಹೇಳುವದಿಲ್ಲ. ಕಲಿತ ನಾಲ್ಕು ಪಟ್ಟುಗಳನ್ನು ಬೀದಿಜಗಳದಲ್ಲಿ ಮೆರೆಸುವ ಪುಂಡರುಂಟು. ಉಸ್ತಾದನ ಕಣ್ಣು ತಪ್ಪಿದರೆ ಕೀಲು ಉಳುಕುವದೂ ಉಂಟು. ಇದಕ್ಕೆ ಮದ್ದು ಒಳ್ಳೆಯ ಉಸ್ತಾದನೇ ಹೊರತು ಬಾಗಿಲಿಗೆ ಬೀಗವಲ್ಲ. ವ್ಯಾಯಾಮದ ತಾಸನ್ನು ಗಣಿತಕ್ಕೆಂದು ಕಸಿದುಕೊಳ್ಳುವ ಮುಖ್ಯೋಪಾಧ್ಯಾಯರು ಕಾನೋನ ವೃತ್ತಾಂತಕ್ಕೆ ಉತ್ತರ ಕೊಡಲಿ. ನಾವು ಕೇಳಲು ಸಿದ್ಧರಿದ್ದೇವೆ.