ಸೈಕಲ್ ತುಳಿಯುವವರಿಗೆ ಕಂಪ್ರೆಷನ್ ಸಾಕ್ಸ್: ಯಾರಿಗೆ ಬೇಕು, ಯಾರಿಗೆ ಬೇಡ?

“ಮೀನಖಂಡವೇ ನಮ್ಮ ಎರಡನೇ ಹೃದಯ. ಸೈಕಲ್ ತುಳಿಯುವಾಗ ಬಿಗಿಯಾದ ಸಾಕ್ಸ್ ಹಾಕಿಕೊಂಡರೆ ರಕ್ತ ಮೇಲಕ್ಕೆ ಪಂಪ್ ಆಗುತ್ತದೆ, ನರ ಉಬ್ಬುವುದಿಲ್ಲ, ಶುಗರ್ ಇರುವವರ ಕಾಲಿನ ಜೋಮು ಹೋಗುತ್ತದೆ, ಹೃದಯಾಘಾತವೂ ತಪ್ಪುತ್ತದೆ. ಹತ್ತು ಜನಕ್ಕೆ ಕಳಿಸಿ.”

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಅಂಗಡಿ ಇಟ್ಟುಕೊಂಡಿರುವ ಪರಿಚಿತರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ, ಕೆಳಗೆ ಒಂದು ಸಾಲು ಬರೆದಿದ್ದರು: “ಇದು ನಿಜಾನಾ ಸ್ವಲ್ಪ ನೋಡಿ ಹೇಳಿ. ಮಗ ಆಗಲೇ ಆರ್ಡರ್ ಮಾಡಿಬಿಟ್ಟಿದ್ದಾನೆ.”

ಅವರಿಗೆ 58 ವರ್ಷ. ದಿನವಿಡೀ ಗಲ್ಲಾ ಪಕ್ಕ ನಿಂತೇ ವ್ಯಾಪಾರ. ಹನ್ನೆರಡು ವರ್ಷದಿಂದ ಶುಗರ್ ಇದೆ. ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದಕ್ಕೆ ಬೆಳಿಗ್ಗೆ ಸೈಕಲ್ ಹಿಡಿದಿದ್ದಾರೆ. ರಾತ್ರಿ ಪಾದ ಜೋಮು ಹಿಡಿಯುತ್ತದೆ. ಆ ಸಂದೇಶವನ್ನು ಓದಿದರೆ ಅವರಿಗಾಗಿಯೇ ಯಾರೋ ಕೂತು ಬರೆದಂತಿದೆ. ಆದರೆ ಅದರಲ್ಲಿರುವ ಅತಿ ಅಪಾಯದ ಮಾತು ತಾಗುವುದು ಅವರಂಥವರಿಗೇ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೈಸೂರಿನಲ್ಲಿ ಸೈಕಲ್ ಹೊಸ ಮೋಹವೇನಲ್ಲ. ಬಾಡಿಗೆ ಸೈಕಲ್‌ಗಳ ‘ಟ್ರಿಣ್ ಟ್ರಿಣ್’ ಯೋಜನೆ 2017ರ ಜೂನ್‌ನಲ್ಲೇ ಇಲ್ಲಿ ಶುರುವಾಯಿತು. ಈಗ ಬೆಳಗಿನ ಜಾವ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಗೇರ್ ಸೈಕಲ್‌ಗಳ ಸಾಲು ಕಾಣುತ್ತದೆ. ಅವರಲ್ಲಿ ಕೆಲವರ ಕಾಲಲ್ಲಿ ಮೊಣಕಾಲವರೆಗಿನ ಕಪ್ಪು ಸಾಕ್ಸ್ ಕೂಡ ಇರುತ್ತದೆ.

ಎರಡನೇ ಹೃದಯ: ಅರ್ಧ ನಿಜ

ಮೊದಲು ಒಂದು ಪದದ ಗೊಂದಲ. ಕಾಲಿನಲ್ಲಿ ಹಸಿರಾಗಿ, ಹಗ್ಗದಂತೆ ಉಬ್ಬಿ ಕಾಣುವುದನ್ನು ನಾವೆಲ್ಲ ‘ನರ’ ಅನ್ನುತ್ತೇವೆ. ಜೋಮು ಹಿಡಿದಾಗಲೂ ‘ನರ’ ಅನ್ನುತ್ತೇವೆ. ಇವೆರಡೂ ಬೇರೆ ಬೇರೆ. ಉಬ್ಬುವುದು ರಕ್ತನಾಳ, ಶಾಲೆಯ ಪುಸ್ತಕದ ಭಾಷೆಯಲ್ಲಿ ಅಭಿಧಮನಿ. ಜೋಮಿಗೆ ಕಾರಣವಾಗುವುದು ಸ್ಪರ್ಶದ ಸುದ್ದಿಯನ್ನು ಮಿದುಳಿಗೆ ಒಯ್ಯುವ ನಿಜವಾದ ನರ. ಒಂದೇ ಪದದ ಕೆಳಗೆ ಎರಡು ಕಾಯಿಲೆ ಸೇರಿಕೊಂಡಿದ್ದರಿಂದಲೇ, ಒಂದಕ್ಕೆ ಕೊಡುವ ಸಾಕ್ಸ್ ಇನ್ನೊಂದಕ್ಕೂ ಔಷಧವಾಗಿ ಫಾರ್ವರ್ಡ್ ಆಗುತ್ತಿದೆ.

ಅಲುಗಾಡದೆ ನಿಂತಾಗ ಹೃದಯದಿಂದ ಪಾದದವರೆಗಿನ ರಕ್ತದ ಭಾರವೆಲ್ಲ ಕೆಳಗಿನ ಅಭಿಧಮನಿಗಳ ಮೇಲೆ ಬೀಳುತ್ತದೆ. ಆಗ ಪಾದದ ಗಂಟಿನ ಬಳಿ ಅವುಗಳ ಒಳಗಿನ ಒತ್ತಡ ಸುಮಾರು 80ರಿಂದ 90 ಮಿ.ಮೀ. ಪಾದರಸ ಇರುತ್ತದೆ. ಇದು ಬಿಪಿ ಅಳೆಯುವ ಅದೇ ಮಾನ. ನಡೆಯಲು ಶುರು ಮಾಡಿದರೆ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಒಳಗಿನ ಕವಾಟಗಳು ಅದನ್ನು ಹಿಂದಿರುಗಲು ಬಿಡುವುದಿಲ್ಲ. ಕವಾಟ ಚೆನ್ನಾಗಿರುವವರಲ್ಲಿ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ‘ಎರಡನೇ ಹೃದಯ’ ಅನ್ನುವುದು ಇದನ್ನೇ. ಅಂದರೆ ಪಂಪ್ ಮಾಡುವುದು ಸ್ನಾಯು, ಸಾಕ್ಸ್ ಅಲ್ಲ. ಪೆಡಲ್ ತುಳಿಯುವವರ ಕಾಲು ಈ ಕೆಲಸವನ್ನು ತಾನೇ ಮಾಡುತ್ತಿರುತ್ತದೆ. ಸಾಕ್ಸ್‌ನ ಅಗತ್ಯ ಹೆಚ್ಚಿರುವುದು ಗಂಟೆಗಟ್ಟಲೆ ಸುಮ್ಮನೆ ನಿಂತವರಿಗೆ, ಕೂತವರಿಗೆ.

ಈ ಸಾಕ್ಸ್ ಹುಟ್ಟಿದ ಕಥೆಯೂ ಅದನ್ನೇ ಹೇಳುತ್ತದೆ. ಅಮೆರಿಕದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್ ಅವರಿಗೆ ಕಾಲಿನ ಅಭಿಧಮನಿಯ ತೊಂದರೆಯಿಂದ ಹುಣ್ಣಾಗಿತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಕಡಿಮೆಯಾಗುವುದನ್ನು ಅವರು ಗಮನಿಸಿದರು. ನೀರು ಆಳವಾದಷ್ಟೂ ಒತ್ತಡ ಜಾಸ್ತಿ. ಬಟ್ಟೆಯಲ್ಲೂ ಹಾಗೆಯೇ ಪಾದದ ಗಂಟಿನ ಬಳಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಒತ್ತುವಂತೆ ಮಾಡಿದರೆ ಹೇಗೆ ಎಂದು ಯೋಚಿಸಿ 1950ರ ಹೊತ್ತಿಗೆ ಇಂಥ ಸಾಕ್ಸ್ ತಯಾರಿಸಿದರು. ಎಲ್ಲ ಕಡೆ ಒಂದೇ ಸಮ ಬಿಗಿಯಾಗಿರುವ ಸಾಕ್ಸ್ ಬರೀ ಬಿಗಿ ಸಾಕ್ಸ್, ಅಷ್ಟೆ.

ಸೈಕಲ್ ವೇಗ ಹೆಚ್ಚುತ್ತದೆಯೇ?

ಇಲ್ಲ ಎನ್ನಬಹುದು. ಓಟಗಾರರ ಮೇಲೂ ಸೈಕಲ್ ಸವಾರರ ಮೇಲೂ ನಡೆದ ಅಧ್ಯಯನಗಳು ಬಹಳಷ್ಟಿವೆ. ಹೆಚ್ಚಿನವು ಹತ್ತಿಪ್ಪತ್ತು ಜನರ ಮೇಲಿನವು. ಸಾಧನೆಯಲ್ಲಿ ಸ್ಪಷ್ಟವಾದ ಸುಧಾರಣೆ ಕಂಡಿಲ್ಲ. ಮರುದಿನದ ಮೈಕೈ ನೋವು ಸ್ವಲ್ಪ ಕಡಿಮೆ ಎಂದು ಹಾಕಿಕೊಂಡವರು ಹೇಳಿದ್ದಾರೆ. ಇಲ್ಲೂ ಒಂದು ತೊಡಕಿದೆ: ಬಿಗಿ ಸಾಕ್ಸ್ ಹಾಕಿದವರಿಗೆ ತಾವು ಹಾಕಿದ್ದೇವೆ ಎಂದು ಗೊತ್ತೇ ಇರುತ್ತದೆ. ಮಾತ್ರೆಯ ಹಾಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸುವುದು ಕಷ್ಟ. ಜೊತೆಗೆ ಸೈಕಲ್‌ನಲ್ಲಿ ಹೆಚ್ಚು ದುಡಿಯುವುದು ತೊಡೆಯ ಸ್ನಾಯು. ಮೀನಖಂಡಕ್ಕೆ ಸಾಕ್ಸ್ ಹಾಕಿ ತೊಡೆಯ ಸುಸ್ತು ಕಳೆಯುವುದು ಹೇಗೆ?

ವೃತ್ತಿಪರ ಸವಾರರು ಹಾಕುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ರೇಸ್‌ನಲ್ಲಿ ಸಾಕ್ಸ್, ಪಾದದ ಗಂಟಿಗೂ ಮೊಣಕಾಲಿಗೂ ನಡುವಿನ ಅರ್ಧ ಎತ್ತರವನ್ನು ದಾಟುವಂತಿಲ್ಲ. 2019ರಲ್ಲಿ ಇದನ್ನು ಅಳೆಯಲು ಒಂದು ಉಪಕರಣವೇ ಬಂತು. ಮೊಣಕಾಲವರೆಗಿನ ಕಂಪ್ರೆಷನ್ ಸಾಕ್ಸ್ ಅವರಲ್ಲಿ ಕಾಣುವುದು ರೇಸ್ ಮುಗಿದ ಮೇಲೆ, ಬಸ್ಸಿನಲ್ಲಿ, ವಿಮಾನದಲ್ಲಿ.

ಪುರಾವೆ ಗಟ್ಟಿಯಾಗಿರುವುದೂ ವಿಮಾನದ ವಿಷಯದಲ್ಲೇ. ನಾಲ್ಕು ಗಂಟೆಗೂ ಹೆಚ್ಚಿನ ವಿಮಾನ ಪ್ರಯಾಣದ ಬಗ್ಗೆ ಕಾಕ್ರೇನ್ ಸಂಸ್ಥೆ ಹನ್ನೆರಡು ಅಧ್ಯಯನಗಳನ್ನು, ಸುಮಾರು 2,900 ಪ್ರಯಾಣಿಕರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದೆ. ಲಕ್ಷಣ ತೋರದ ಆಳದ ರಕ್ತಹೆಪ್ಪು 50 ಜನರಲ್ಲಿ ಕಂಡಿತು. ಅವರಲ್ಲಿ ಸಾಕ್ಸ್ ಹಾಕಿದವರು ಮೂವರು, ಹಾಕದವರು 47. ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ನಮ್ಮ ಅಮ್ಮಂದಿರಿಗೆ, ಸೈಕಲ್ ಹುಡುಗರಿಗಿಂತ ಈ ಸಾಕ್ಸ್ ಹೆಚ್ಚು ಉಪಯೋಗ. ಈ ಸಂಗತಿ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಹೃದಯಾಘಾತದ ಮಾತಿಗೆ ಬಂದರೆ, ಅದಕ್ಕೆ ಸಾಮಾನ್ಯ ಕಾರಣ ಹೃದಯದ ಅಪಧಮನಿಯಲ್ಲಿ ಆಗುವ ತಡೆ. ಕಾಲಿನ ಸಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಆದರೂ ಕೊಳ್ಳುವುದಾದರೆ

ಆರೋಗ್ಯವಾಗಿರುವವರು, ‘ಹಾಕಿಕೊಂಡರೆ ಕಾಲು ಹಗುರ ಅನ್ನಿಸುತ್ತೆ’ ಎಂದು ಕೊಳ್ಳುವುದರಲ್ಲಿ ತಪ್ಪಿಲ್ಲ. ಪ್ಯಾಕೆಟ್ ಮೇಲೆ ಒತ್ತಡದ ಅಂಕಿ ಇದೆಯೇ ನೋಡಿ. 15–20 ಮಿ.ಮೀ. ಪಾದರಸ ಸಾಕು. 20–30 ಮತ್ತು ಅದಕ್ಕೂ ಮೇಲಿನದು ಚಿಕಿತ್ಸೆಯ ಮಟ್ಟ, ಡಾಕ್ಟರು ಹೇಳದೆ ಬೇಡ. ಕ್ರೀಡಾ ಸಾಮಾನಿನ ಎಷ್ಟೋ ಸಾಕ್ಸ್‌ಗಳ ಮೇಲೆ ಅಂಕಿಯೇ ಇರುವುದಿಲ್ಲ, ‘ಹೈ ಕಂಪ್ರೆಷನ್’ ಎಂದಷ್ಟೇ ಇರುತ್ತದೆ. ಅದರಿಂದ ಏನೂ ತಿಳಿಯದು.

ನಾವು ಇದೇ ಪ್ರದೇಶದ ಒಂದು ಅಂಗಡಿಗೆ ಹೋಗಿ ಕೇಳಿದೆವು. “ಚಪ್ಪಲಿ ಸೈಜ್ ಎಷ್ಟು ಹೇಳಿ” ಅಂದರು. “ಅಳತೆ ತಗೊಳ್ಳಲ್ವಾ ಅಣ್ಣ?” ಎಂದರೆ, “ಎಲ್ಲರಿಗೂ ಆಗುತ್ತೆ, ಎಳೆಯುತ್ತೆ ಇದು” ಎಂಬ ಉತ್ತರ. ಎಳೆಯುತ್ತದೆ ನಿಜ, ಸಮಸ್ಯೆಯೂ ಅದೇ. ಒಂದೇ ಸಾಕ್ಸ್ ತೆಳ್ಳಗಿನ ಕಾಲಿಗೆ ಸಡಿಲ, ದಪ್ಪ ಕಾಲಿಗೆ ಕಟ್ಟು. ಇದಕ್ಕೆ ಪಾದದ ಉದ್ದ ಮಾತ್ರ ಸಾಲದು. ಪಾದದ ಗಂಟಿನ ಮೇಲಿನ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದಪ್ಪ ಸುತ್ತಳತೆ, ನೆಲದಿಂದ ಮೊಣಕಾಲ ಮಡಿಕೆಯವರೆಗಿನ ಎತ್ತರ, ಈ ಮೂರು ಬೇಕು. ಟೈಲರ್ ಟೇಪಿನಲ್ಲಿ, ಬೆಳಿಗ್ಗೆ ಎದ್ದ ಕೂಡಲೇ ಅಳೆಯಿರಿ. ಸಂಜೆಗೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಎರಡೂ ಕಾಲನ್ನು ಅಳೆಯಿರಿ.

ಹಾಕಿದಾಗ ಮೇಲಿನ ಅಂಚು ಮೊಣಕಾಲ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಉದ್ದ ಹೆಚ್ಚಾಯಿತೆಂದು ಮೇಲೆ ಮಡಚಬೇಡಿ. ಮಡಚಿದ ಜಾಗದಲ್ಲಿ ಎರಡು ಪದರದ ಒತ್ತಡ ಸೇರಿ ಹಗ್ಗ ಕಟ್ಟಿದಂತಾಗುತ್ತದೆ. ರಕ್ತ ಮೇಲೆ ಹೋಗಲಿ ಎಂದು ಹಾಕಿದ್ದೇ ಅದನ್ನು ತಡೆಯುತ್ತದೆ. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಆಗಲೇ ತೆಗೆಯಿರಿ. ಕೊಬ್ಬರಿ ಎಣ್ಣೆ ಹಚ್ಚಿದ ಕಾಲಿಗೆ ಹಾಕಬೇಡಿ, ಎಲಾಸ್ಟಿಕ್ ಬೇಗ ಹಾಳಾಗುತ್ತದೆ. ದಿನಾ ಹಾಕುವವರು ಆರು ತಿಂಗಳಿಗೊಮ್ಮೆ ಬದಲಿಸಬೇಕಾಗಬಹುದು. ಇನ್ನು, ಮಂಡಿ ನೋವಿಗೆಂದು ಸಾಕ್ಸ್ ಹುಡುಕುತ್ತಿದ್ದರೆ ಮೊದಲು ಸೀಟಿನ ಎತ್ತರ ನೋಡಿಕೊಳ್ಳಿ.

ಬೇಡವೇ ಬೇಡ ಎನ್ನುವ ಕಾಲುಗಳು

ಫಾರ್ವರ್ಡ್‌ನಲ್ಲಿ ‘ಶುಗರ್ ಇರುವವರ ಜೋಮು ಹೋಗುತ್ತದೆ’ ಎಂದಿತ್ತಲ್ಲ, ವಾಸ್ತವ ಬಹುತೇಕ ಅದರ ತಿರುಗು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸಂವೇದನೆ ಕಳೆದುಕೊಳ್ಳುತ್ತವೆ. ಸಾಕ್ಸ್‌ನ ಸುಕ್ಕು ಒತ್ತಿದರೂ, ಹೊಲಿಗೆ ಉಜ್ಜಿದರೂ ಗೊತ್ತಾಗುವುದಿಲ್ಲ. ನೋವೇ ಇಲ್ಲದೆ ಗಾಯವಾಗಿ, ಹುಣ್ಣಾಗಿ, ಕೀವು ತುಂಬಿದ ಮೇಲೆ ಆಸ್ಪತ್ರೆಗೆ ಬರುವವರಿದ್ದಾರೆ. ಎಷ್ಟೋ ಜನರಲ್ಲಿ ಕಾಲಿಗೆ ರಕ್ತ ಇಳಿಸುವ ಅಪಧಮನಿಯೂ ಕಿರಿದಾಗಿರುತ್ತದೆ. ಇಳಿಯುವುದೇ ಕಡಿಮೆ ಇರುವ ರಕ್ತವನ್ನು ಹೊರಗಿನಿಂದ ಅದುಮಿದರೆ ಏನಾದೀತು, ನೀವೇ ಯೋಚಿಸಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಈ ಸಂದೇಶ ಎಷ್ಟು ಮನೆಗಳಲ್ಲಿ ನಿಜವಾಗಿ ಕೆಲಸ ಮಾಡಿಬಿಡಬಹುದು ಎಂಬುದಕ್ಕೆ ಆ ಒಂದು ಅಂಕಿ ಸಾಕು.

ಶುಗರ್ ಇರುವ ಎಲ್ಲರಿಗೂ ಈ ಸಾಕ್ಸ್ ನಿಷಿದ್ಧ ಎಂದಲ್ಲ. ಪಾದದ ಸ್ಪರ್ಶ ಮತ್ತು ನಾಡಿ ಪರೀಕ್ಷೆಯಾದ ಮೇಲೆ ಡಾಕ್ಟರು ಹೇಳಿದರೆ ಹಾಕಬಹುದು. ಗಂಟಿನ ಬಳಿಯ ಬಿಪಿಯನ್ನು ತೋಳಿನ ಬಿಪಿ ಜೊತೆ ಹೋಲಿಸುವ, ಸೂಜಿ ಚುಚ್ಚದ ಸುಲಭ ಪರೀಕ್ಷೆಯೊಂದಿದೆ. ಕಾಲಿನ ರಕ್ತ ಸಂಚಾರದ ಅಂದಾಜು ಅದರಲ್ಲೇ ಸಿಗುತ್ತದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವವರು, ತೀವ್ರ ಹೃದಯ ವೈಫಲ್ಯ ಇರುವವರು, ಕಾಲಲ್ಲಿ ಹುಣ್ಣು ಅಥವಾ ಚರ್ಮದ ಸೋಂಕು ಇರುವವರು ಸ್ವಂತ ತೀರ್ಮಾನಕ್ಕೆ ಹೋಗಬಾರದು.

ಇನ್ನೊಂದು ಸನ್ನಿವೇಶ ಸವಾರರಿಗೆ ಸಂಬಂಧಿಸಿದ್ದು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ‘ನಿನ್ನೆ ಬೆಟ್ಟ ಹತ್ತಿದ್ದಕ್ಕೆ’ ಎಂದುಕೊಂಡು ಸಾಕ್ಸ್ ಏರಿಸಬೇಡಿ, ತಿಕ್ಕಿಸಿಕೊಳ್ಳಲೂ ಬೇಡಿ. ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಿ. ಜೊತೆಗೆ ಉಸಿರಾಟದ ತೊಂದರೆ, ಎದೆನೋವು ಇದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ನಮ್ಮ ಪರಿಚಿತರಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆವು. ವಾರ ಬಿಟ್ಟು ಪಾದ ತೋರಿಸಿಕೊಂಡು ಬಂದರು. ಹೆಬ್ಬೆರಳಿನ ಕೆಳಗೆ ಸ್ಪರ್ಶ ತಿಳಿಯುತ್ತಿಲ್ಲವಂತೆ. ದಿನಾ ರಾತ್ರಿ ಕನ್ನಡಿ ಇಟ್ಟುಕೊಂಡು ಅಂಗಾಲು ನೋಡಿಕೊಳ್ಳಲು, ಅಗಲ ಮೂತಿಯ ಶೂ ಮತ್ತು ಸಾದಾ ಸಡಿಲ ಸಾಕ್ಸ್ ಹಾಕಲು ಹೇಳಿ ಕಳಿಸಿದ್ದಾರೆ. ಸೈಕಲ್ ನಿಲ್ಲಿಸಬೇಡಿ ಎಂದೂ ಹೇಳಿದರಂತೆ. ಆನ್‌ಲೈನ್‌ನಲ್ಲಿ ತರಿಸಿದ ‘ಫ್ರೀ ಸೈಜ್’ ಜೋಡಿ ಈಗ ಮಗನ ಪಾಲಿಗೆ ಬಂದಿದೆ. ಅವನಿಗೂ ಅದು ಮೀನಖಂಡದಲ್ಲಿ ಕಟ್ಟು, ಗಂಟಿನಲ್ಲಿ ಸಡಿಲವಂತೆ.