ಚಿಕ್ಕವರನ್ನು ಹೊರಗಿಡಿ ಅನ್ನುವವರಿಗೆ

ಯೂರೋಪಿನಲ್ಲಿ ಫುಟ್‌ಬಾಲಿನ ಅರ್ಹತಾ ಪಂದ್ಯಗಳು ಶುರುವಾದಾಗಲೆಲ್ಲ ಒಂದು ಹಳೇ ರಾಗ ಕೇಳಿಸುತ್ತದೆ. ಸ್ಯಾನ್ ಮರಿನೋ, ಜಿಬ್ರಾಲ್ಟರ್‌ನಂಥ ತಂಡಗಳಿಗೆ ಜರ್ಮನಿ, ಇಂಗ್ಲೆಂಡುಗಳ ಗುಂಪಿನಲ್ಲಿ ಏನು ಕೆಲಸ? ಮೊದಲು ತಮ್ಮತಮ್ಮಲ್ಲೇ ಆಡಿಕೊಳ್ಳಲಿ, ಗೆದ್ದವರನ್ನಷ್ಟೇ ಒಳಗೆ ಬಿಟ್ಟರಾಯಿತು. 2016ರ ನವೆಂಬರಿನಲ್ಲಿ ಸ್ಯಾನ್ ಮರಿನೋವನ್ನು 8-0ಯಿಂದ ಸೋಲಿಸಿದ ಮೇಲೆ ಜರ್ಮನಿಯ ಥಾಮಸ್ ಮ್ಯುಲರ್ ಕೂಡ, ಇಂಥ ಪಂದ್ಯಕ್ಕೂ ವೃತ್ತಿಪರ ಫುಟ್‌ಬಾಲಿಗೂ ಸಂಬಂಧವಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದ್ದರು. ಮೊನ್ನೆ ಚಹಾ ಕುಡಿಯುತ್ತಾ ನನ್ನ ಗೆಳೆಯನೊಬ್ಬ ಇದನ್ನೇ ಹೇಳಿದ. ಅವನು ಆಟ ಬಲ್ಲವನು, ಅದಕ್ಕೇ ಸಿಟ್ಟು ಬಂತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸಾಕ್ಷಿ ಮುಖ್ಯವಾಗಿ ಒಂದೇ ಗುಂಪು. 1992ರ ಯೂರೋ ಕಪ್ಪಿನ ಅರ್ಹತಾ ಸುತ್ತಿನ ನಾಲ್ಕನೇ ಗುಂಪು: ಯುಗೊಸ್ಲಾವಿಯಾ, ಡೆನ್ಮಾರ್ಕ್, ಉತ್ತರ ಐರ್ಲೆಂಡ್, ಆಸ್ಟ್ರಿಯಾ ಮತ್ತು ಫ್ಯಾರೋ ದ್ವೀಪಗಳು. ಮೊದಲು ಬಂದವರಿಗೆ ಮಾತ್ರ ಸ್ವೀಡನ್ನಿಗೆ ಟಿಕೆಟ್ಟು.

ಫ್ಯಾರೋ ಎಂದರೆ ಉತ್ತರ ಅಟ್ಲಾಂಟಿಕಿನಲ್ಲಿ ಡೆನ್ಮಾರ್ಕಿನ ರಾಜ್ಯಕ್ಕೆ ಸೇರಿದ ಒಂದಿಷ್ಟು ದ್ವೀಪಗಳು. ಜನಸಂಖ್ಯೆ ಆಗ 50,000 ಕೂಡ ಇರಲಿಲ್ಲ. ಅಂತರರಾಷ್ಟ್ರೀಯ ಪಂದ್ಯಕ್ಕೆ ತಕ್ಕ ಹುಲ್ಲಿನ ಮೈದಾನವಿಲ್ಲದ್ದರಿಂದ ತವರಿನ ಪಂದ್ಯವನ್ನೂ ಸ್ವೀಡನ್ನಿನ ಲ್ಯಾಂಡ್ಸ್‌ಕ್ರೂನಾ ಊರಿನಲ್ಲಿ ಆಡಬೇಕಾಯಿತು. 1990ರ ಸೆಪ್ಟೆಂಬರ್ 12, ಅರ್ಹತಾ ಸುತ್ತಿನಲ್ಲಿ ಅವರ ಮೊಟ್ಟಮೊದಲ ಪಂದ್ಯ. ಎದುರಿಗೆ ಅದೇ ಬೇಸಿಗೆಯಲ್ಲಿ ಇಟಲಿಯ ವಿಶ್ವಕಪ್ ಆಡಿ ಬಂದಿದ್ದ ಆಸ್ಟ್ರಿಯಾ. ಫ್ಯಾರೋ ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುಡ್ಸನ್ ತಲೆಗೆ ಕುಚ್ಚಿನ ಉಣ್ಣೆ ಟೋಪಿ ಹಾಕಿಕೊಂಡೇ ನಿಂತಿದ್ದ. ದ್ವಿತೀಯಾರ್ಧದಲ್ಲಿ ಟೋರ್ಕಿಲ್ ನೀಲ್ಸನ್ ಗೋಲು ಹೊಡೆದ. ಅವನು ಹೊಟ್ಟೆಪಾಡಿಗೆ ಮರಮುಟ್ಟು ವ್ಯಾಪಾರದ ಸೇಲ್ಸ್‌ಮನ್, ಚದುರಂಗದಲ್ಲೂ ಗಟ್ಟಿಗ. 1-0. ಆಸ್ಟ್ರಿಯಾದ ಕೋಚ್ ಹಿಕರ್ಸ್‌ಬರ್ಗರ್ ಹುದ್ದೆ ಬಿಟ್ಟರು.

ಅದೊಂದು ಆಕಸ್ಮಿಕ ಅಂದ ಗೆಳೆಯ. ಆಮೇಲೆ ಬೆಲ್‌ಗ್ರೇಡಿನಲ್ಲಿ ಏಳು ಗೋಲು ತಿಂದರಲ್ಲ? ಹೌದು, ತಿಂದರು. ಎಂಟು ಪಂದ್ಯಗಳಲ್ಲಿ ಒಟ್ಟು 26. ಆದರೆ ಬೆಲ್‌ಫಾಸ್ಟಿಗೆ ಹೋಗಿ ಉತ್ತರ ಐರ್ಲೆಂಡಿನ ಜೊತೆ 1-1 ಡ್ರಾ ಕೂಡ ಮಾಡಿಕೊಂಡು ಬಂದರು. ಅದಕ್ಕೆ ಏಳು ತಿಂಗಳು ಮುಂಚೆ ಅದೇ ಬೆಲ್‌ಫಾಸ್ಟಿನಲ್ಲಿ ಡೆನ್ಮಾರ್ಕಿಗೆ ಸಿಕ್ಕಿದ್ದೂ 1-1. ಡೆನ್ಮಾರ್ಕ್ 13 ಅಂಕದೊಂದಿಗೆ, ಯುಗೊಸ್ಲಾವಿಯಾಕ್ಕಿಂತ ಒಂದೇ ಅಂಕ ಹಿಂದೆ ಉಳಿದು ಮನೆಯಲ್ಲಿತ್ತು. ಯುದ್ಧದ ಕಾರಣಕ್ಕೆ ವಿಶ್ವಸಂಸ್ಥೆಯ ನಿರ್ಬಂಧ ಬಿದ್ದು, ಸ್ವೀಡನ್ನಿಗೆ ಬಂದಿಳಿದಿದ್ದ ಯುಗೊಸ್ಲಾವಿಯಾ ವಾಪಸು ಹೋಗಬೇಕಾಯಿತು. ಬದಲಿಗೆ ಬಂದ ಡೆನ್ಮಾರ್ಕ್ ಫೈನಲಿನಲ್ಲಿ ಜರ್ಮನಿಯನ್ನು 2-0ಯಿಂದ ಸೋಲಿಸಿ ಕಪ್ ಒಯ್ದಿತು. ಯೂರೋಪಿನ ಮುಂದಿನ ಚಾಂಪಿಯನ್ನರಿಗೂ ಮರಮುಟ್ಟು ಮಾರುವವನ ತಂಡಕ್ಕೂ ಆ ಊರಿನಲ್ಲಿ ಸಿಕ್ಕಿದ್ದು ಒಂದೇ ಫಲಿತಾಂಶ.

ಇನ್ನು ಆಸ್ಟ್ರಿಯಾ. ಕೊನೆಯಲ್ಲಿ ಅವರಿಗೂ ಮೂರು ಅಂಕ, ಫ್ಯಾರೋಗೂ ಮೂರು (ಗೆಲುವಿಗೆ ಆಗ ಎರಡೇ ಅಂಕ). ಗೋಲಿನ ಲೆಕ್ಕದಲ್ಲಷ್ಟೇ ಆಸ್ಟ್ರಿಯಾ ಮೇಲೆ. ಇಡೀ ಗುಂಪಿನಲ್ಲಿ ಆಸ್ಟ್ರಿಯಾ ಗೆದ್ದದ್ದು ಒಂದೇ ಪಂದ್ಯ, ಅದೂ ಫ್ಯಾರೋ ವಿರುದ್ಧ! ಸೋಲುವವರನ್ನು ಹೊರಗಿಡುವುದೇ ನಿಯಮವಾದರೆ ಆಸ್ಟ್ರಿಯಾಕ್ಕೆ ಯಾವ ಬಾಗಿಲು ತೋರಿಸುತ್ತೀರಿ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಕೇಳುವುದೂ ಇಲ್ಲ. ಸೋಲಿನ ಲೆಕ್ಕ ಹಿಡಿಯುವುದು ಚಿಕ್ಕ ಊರಿನವರದ್ದು ಮಾತ್ರ.

ಗೆಳೆಯನ ಒಂದು ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. 2024ರಲ್ಲಿ ಸ್ಯಾನ್ ಮರಿನೋ ಇಪ್ಪತ್ತು ವರ್ಷಗಳ ನಂತರ ಗೆದ್ದದ್ದು ನೇಷನ್ಸ್ ಲೀಗಿನಲ್ಲಿ, ತನ್ನಂಥದೇ ಲಿಕ್ಟೆನ್‌ಸ್ಟೈನ್ ವಿರುದ್ಧ. ಸರೀಕರ ಜೊತೆ ಆಡಿದರೇ ಅವರಿಗೂ ಖುಷಿ ಅಲ್ಲವೇ? ನಿಜ, ಆ ಗೆಲುವಿಗೆ ನಾನೂ ಕುಣಿದವನೇ. ಅಂಥ ಪಂದ್ಯಗಳು ಇರಲಿ, ಇನ್ನಷ್ಟು ನಡೆಯಲಿ. ಆದರೆ ಅವುಗಳ ನೆಪದಲ್ಲಿ ದೊಡ್ಡ ಬಾಗಿಲು ಮುಚ್ಚಬೇಡಿ. ಬೇರೆಯವರ ಮೈದಾನದಲ್ಲಿ ಶುರುಮಾಡಿದ ಫ್ಯಾರೋ 2014ರ ನವೆಂಬರಿನಲ್ಲಿ ಗ್ರೀಸನ್ನು ಅವರ ನೆಲದಲ್ಲೇ 1-0ಯಿಂದ ಸೋಲಿಸಿತು, ಮುಂದಿನ ಜೂನಿನಲ್ಲಿ ತನ್ನ ಟೋರ್ಸ್‌ಹಾವ್ನ್‌ನಲ್ಲಿ ಮತ್ತೆ 2-1ರಿಂದ. ಮೊದಲ ಸೋಲಿಗೇ ಗ್ರೀಸಿನ ಕೋಚ್ ಕ್ಲಾಡಿಯೊ ರನಿಯೇರಿ ಕೆಲಸ ಕಳೆದುಕೊಂಡರು. (ಅದೇ ರನಿಯೇರಿ 2016ರಲ್ಲಿ ಲೆಸ್ಟರ್ ಸಿಟಿಗೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟರು. ಫ್ಯಾರೋ ವಿರುದ್ಧ ಸೋತವರೆಲ್ಲ ದಡ್ಡರಲ್ಲ.)

ಆಟಗಾರರು ದಣಿಯುತ್ತಾರಂತೆ. ಹಾಗಾದರೆ ಎಂಟು ತಂಡಗಳ ಯೂರೋ ಕಪ್ಪನ್ನು ಇಪ್ಪತ್ನಾಲ್ಕಕ್ಕೆ ಹಿಗ್ಗಿಸಿದ್ದು ಯಾರು? 2025ರಲ್ಲಿ 32 ಕ್ಲಬ್ಬುಗಳ ವಿಶ್ವಕಪ್ಪನ್ನು ಬೇಸಿಗೆಯ ರಜೆಯೊಳಗೆ ತುರುಕಿದ್ದು ಯಾರು? ಸ್ಯಾನ್ ಮರಿನೋ ಅಲ್ಲ. ಟಿಕೆಟ್ಟು, ಟೀವಿ ಹಕ್ಕು ಮಾರಾಟವಾಗುವ ಕಡೆ ಕಾಣದ ದಣಿವು ಇಲ್ಲಿ ಮಾತ್ರ ಕಾಣುತ್ತದೆ.

ಇದು ಫುಟ್‌ಬಾಲಿನ ರೋಗ ಮಾತ್ರವೂ ಅಲ್ಲ. 2011ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಅಂಗಳದಲ್ಲೇ, ಇಂಗ್ಲೆಂಡಿನ 327 ರನ್ನನ್ನು ಐರ್ಲೆಂಡ್ ಬೆನ್ನಟ್ಟಿ ಗೆದ್ದಿತು. ಕೆವಿನ್ ಒಬ್ರಯಾನ್ 50 ಎಸೆತಕ್ಕೆ ನೂರು ಹೊಡೆದ. 2019ರ ವಿಶ್ವಕಪ್ಪಿಗೆ ತಂಡಗಳನ್ನು ಹತ್ತಕ್ಕೆ ಇಳಿಸಿದರು, ಐರ್ಲೆಂಡಿಗೆ ಜಾಗವಿರಲಿಲ್ಲ. ಆಗ ನನ್ನ ಇದೇ ಗೆಳೆಯ, ಅನ್ಯಾಯ ಅಂತ ಹಾಸ್ಟೆಲಿನ ಮೆಸ್ಸಿನಲ್ಲಿ ಅರ್ಧ ಗಂಟೆ ಕೂಗಾಡಿದ್ದ. ಅದನ್ನು ನೆನಪಿಸಿದೆ. ಅವನು ಚಹಾದ ಲೋಟ ಕೆಳಗಿಟ್ಟು, "ಅದು ಬೇರೆ ವಿಷಯ ಕಣೋ" ಅಂದ. ಹೇಗೆ ಬೇರೆ ಅಂತ ಕೇಳಿ ಇವತ್ತಿಗೆ ನಾಲ್ಕು ದಿನವಾಯಿತು.